ಉಡುಪಿಗೆ ಜನರಲ್ ಮ್ಯಾನೇಜರ್ ಬರುವಾಗ

ಹೆಡ್ ಆಫೀಸಿನಿಂದ ದೊಡ್ಡವರು ಬರುತ್ತಾರೆ ಅಂದರೆ ನಮ್ಮ ಬ್ಯಾಂಕ್ ಶಾಖೆಯಲ್ಲಿ ವ್ಯವಸ್ಥೆಯೆಲ್ಲ ನನ್ನ ಪಾಲಿಗೆ. ಮೊದಲು ಅವರ ಆಪ್ತ ಕಾರ್ಯದರ್ಶಿಗೆ ಫೋನ್ ಮಾಡಿ. ಸಕ್ಕರೆ ಕಾಯಿಲೆ ಇದೆಯಾ, ಯಾವ ವಾರ ಉಪವಾಸ, ಮೀನು ತಿನ್ನುತ್ತಾರಾ, ಕೇಳಿ ಬರೆದಿಟ್ಟುಕೊಳ್ಳಿ. ರೂಮಿನ ಬಿಲ್ಲು ಬ್ಯಾಂಕಿನ ಹೆಸರಿಗೇ ಬರಲಿ. ಸಾಲಗಾರರ ಕೈಯಲ್ಲಿ ಊಟ ಹಾಕಿಸಬೇಡಿ, ಕಾರು ತರಿಸಬೇಡಿ. ಇದರಲ್ಲಿ ನಾನು ರಾಜಿ ಆಗುವುದೇ ಇಲ್ಲ.

ಕೃಷ್ಣಮಠ ಬೆಳಿಗ್ಗೆಯೇ ಮುಗಿಸಿ. ಗಂಡಸರು ಅಂಗಿ ತೆಗೆದು ಒಳಗೆ ಹೋಗಬೇಕು. ಟೈ ಕಟ್ಟಿದ ಮೇಲೆ ಕರೆದೊಯ್ದರೆ ಅವರಿಗೂ ಮುಜುಗರ ಅಲ್ವಾ?

ಮಲ್ಪೆ ಬಂದರಿನ ವಹಿವಾಟು ತೋರಿಸಲು ಜೂನ್, ಜುಲೈ ಬೇಡ. ಆಗ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆದರೆ ದೋಣಿ ಮಾಲೀಕರ ಜೊತೆ ಸಾಲದ ಕಷ್ಟಸುಖ ಮಾತಾಡಲು ಅದೇ ಒಳ್ಳೆಯ ಕಾಲ, ದಡದಲ್ಲೇ ಸಿಗುತ್ತಾರೆ.

ಸ್ವಸಹಾಯ ಸಂಘದ ಹೆಂಗಸರನ್ನು ಶಾಖೆಗೆ ಕರೆಸಿ ಸುಮ್ನೆ ಕಾಯಿಸಬೇಡಿ. ಅವರ ದಿನಗೂಲಿ ಹೋಗುತ್ತದೆ. ಸಾಹೇಬರನ್ನೇ ಅವರ ಊರಿಗೆ ಕರೆದೊಯ್ಯಿರಿ.

ಸಮಯ ಉಳಿದರೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆ ತೋರಿಸಿ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದವರು ಅವರು. ಅಲ್ಲೀಗ ಹಳೆಯ ನಾಣ್ಯಗಳ ಸಂಗ್ರಹಾಲಯವಿದೆ. ಬ್ಯಾಂಕಿನವರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮೂರಲ್ಲಿಲ್ಲ.

ರಾತ್ರಿ ರೈಲಾದರೆ ಇಂದ್ರಾಳಿ ಸ್ಟೇಷನ್ನಿಗೆ ಅರ್ಧ ಗಂಟೆ ಮೊದಲೇ ತಲುಪಿಸಿ. ಡ್ರೈವರಿಗೆ ಊಟ ಆಗಿದೆಯಾ ಅಂತಲೂ ಕೇಳಿ.