ಅಮೆರಿಕದ ಶಾಲೆ, ದಡಾರ ಮತ್ತು ಲಸಿಕೆಯ ಕಾರ್ಡು

ನಮ್ಮ ಮಗಳನ್ನು ಇಲ್ಲಿನ ಕಿಂಡರ್‌ಗಾರ್ಟನ್‌ಗೆ ಸೇರಿಸಲು ಹೋದಾಗ ಸ್ಕೂಲ್ ನರ್ಸ್ ಲಸಿಕೆಯ ಕಾರ್ಡಿನ ಒಂದು ಸಾಲಿನ ಮೇಲೆ ಬೆರಳಿಟ್ಟು, ಈ ಡೋಸ್ ಲೆಕ್ಕಕ್ಕೆ ಬರುವುದಿಲ್ಲ ಎಂದರು. ಸಾಲಿನಲ್ಲಿ ಎಂಎಂಆರ್ ಎಂದು ದಡಾರದ ಲಸಿಕೆಯ ಹೆಸರು ಬರೆದಿತ್ತು. ಪಕ್ಕದಲ್ಲಿ ವೈದ್ಯರ ಕೈಬರಹದಲ್ಲಿ 05/11/2021 ಎಂಬ ತಾರೀಖು. ಮಗಳು ಹುಟ್ಟಿದ್ದು 2020ರ ಆಗಸ್ಟ್‌ನಲ್ಲಿ. ತಿಂಗಳನ್ನು ಮೊದಲು, ದಿನವನ್ನು ಆಮೇಲೆ ಬರೆಯುವ ಈ ದೇಶದವರ ಕಣ್ಣಿಗೆ ಅದು ಮೇ 11, ಅಂದರೆ ಮಗುವಿಗೆ ಆಗಿನ್ನೂ ಒಂಬತ್ತು ತಿಂಗಳು. ನಮ್ಮ ಪ್ರಕಾರ ಅದು ನವೆಂಬರ್ 5, ಹದಿನೈದು ತಿಂಗಳಿಗೆ ಹಾಕಿಸಿದ ಚುಚ್ಚುಮದ್ದು. ಮಕ್ಕಳ ವೈದ್ಯರಿಂದ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸಿ, ರಾಜ್ಯದ ನಮೂನೆಗೆ ಇಳಿಸಿ ತಂದ ಮೇಲೆ ವಿಷಯ ಬಗೆಹರಿಯಿತು. ಭಾರತದಿಂದ ಹೊರಡುವ ಮೊದಲೇ ಕಾರ್ಡಿನ ಪ್ರತಿಯೊಂದು ತಾರೀಖನ್ನೂ ಹೀಗೆ ಬಿಡಿಸಿ ಬರೆಸಿ, ವೈದ್ಯರ ಸಹಿ ಮತ್ತು ಮೊಹರು ಹಾಕಿಸಿಕೊಂಡು ಬರುವುದು ಒಳ್ಳೆಯದು.

ಒಂಬತ್ತು ತಿಂಗಳೋ ಹದಿನೈದು ತಿಂಗಳೋ ಎಂಬುದರ ಮೇಲೆ ಇಷ್ಟು ನಿಲ್ಲಲು ಕಾರಣವಿದೆ. ಅಮೆರಿಕದ ಪಟ್ಟಿಯಂತೆ ದಡಾರ, ಮಂಗನಬಾವು ಮತ್ತು ರುಬೆಲ್ಲಾಗಳ ವಿರುದ್ಧದ ಎಂಎಂಆರ್ ಲಸಿಕೆಯ ಮೊದಲ ಡೋಸ್ 12ರಿಂದ 15 ತಿಂಗಳ ನಡುವೆ, ಎರಡನೆಯದು 4ರಿಂದ 6 ವರ್ಷದ ನಡುವೆ. ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ಕೊಟ್ಟ ಡೋಸನ್ನು ಇಲ್ಲಿ ಎಣಿಸುವುದಿಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಆ ವಯಸ್ಸಿನಲ್ಲಿ ಲಸಿಕೆಯ ಕೆಲಸಕ್ಕೆ ಅಡ್ಡ ಬರಬಹುದು ಎಂಬುದು ಕಾರಣ. ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ಮೊದಲ ಡೋಸ್ 9ರಿಂದ 12 ತಿಂಗಳಲ್ಲಿ, ಎರಡನೆಯದು 16ರಿಂದ 24 ತಿಂಗಳಲ್ಲಿ ಬರುತ್ತದೆ, ಮತ್ತು ಅದು ಎಂಎಂಆರ್ ಅಲ್ಲ, ಎಂಆರ್, ಮಂಗನಬಾವು ಅದರಲ್ಲಿಲ್ಲ. ಹಾಗಾಗಿ ತಾಯಿ ಕಾರ್ಡಿನಲ್ಲಿ ಎರಡು ಡೋಸ್ ದಾಖಲಾಗಿದ್ದರೂ ಇಲ್ಲಿನ ಲೆಕ್ಕದಲ್ಲಿ ದಡಾರಕ್ಕೆ ಒಂದು, ಮಂಗನಬಾವಿಗೆ ಸೊನ್ನೆ ಎಂದಾಗುವುದು ಸಾಮಾನ್ಯ. ಖಾಸಗಿ ಮಕ್ಕಳ ವೈದ್ಯರಲ್ಲಿ ಒಂಬತ್ತು ತಿಂಗಳು, ಹದಿನೈದು ತಿಂಗಳು ಮತ್ತು ನಾಲ್ಕೈದು ವರ್ಷಕ್ಕೆ ಹೀಗೆ ಮೂರು ಬಾರಿ ಎಂಎಂಆರ್ ಹಾಕಿಸಿದ್ದರೆ ಮೊದಲನೆಯದನ್ನು ಬಿಟ್ಟು ಉಳಿದೆರಡು ಸಾಕಾಗುತ್ತವೆ. ಇದರಲ್ಲಿ ನಮ್ಮ ವೈದ್ಯರ ತಪ್ಪೇನೂ ಇಲ್ಲ. ರೋಗ ಹೆಚ್ಚಾಗಿರುವ ದೇಶದಲ್ಲಿ ಬೇಗ ಕೊಡುವುದೇ ಸರಿ.

ಇನ್ನು ಕಾನೂನಿನ ವಿಷಯ. ಶಾಲೆಗೆ ಲಸಿಕೆಯನ್ನು ಕಡ್ಡಾಯ ಮಾಡುವುದು ಅಮೆರಿಕದ ಕೇಂದ್ರ ಸರ್ಕಾರವಲ್ಲ, ಆಯಾ ರಾಜ್ಯ. ಸಿಡಿಸಿ ಎಂಬ ಕೇಂದ್ರ ಸಂಸ್ಥೆ ಶಿಫಾರಸು ಮಾಡುತ್ತದೆ, ಅಷ್ಟೆ. ರಾಜ್ಯಗಳಿಗೆ ಈ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 1905ರಲ್ಲೇ ಹೇಳಿತು. ಸಿಡುಬಿನ ಲಸಿಕೆ ಹಾಕಿಸಿಕೊಳ್ಳಲು ಒಪ್ಪದೆ 5 ಡಾಲರ್ ದಂಡಕ್ಕೆ ಗುರಿಯಾದ ಮ್ಯಾಸಚೂಸೆಟ್ಸ್‌ನ ಪಾದ್ರಿ ಜೇಕಬ್‌ಸನ್ ಅವರ ಮೊಕದ್ದಮೆ ಅದು. 1922ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಪ್ರಕರಣವೊಂದರಲ್ಲಿ ಶಾಲಾ ಪ್ರವೇಶಕ್ಕೂ ಇದೇ ಮಾತು ಅನ್ವಯವಾಯಿತು. ಆದ್ದರಿಂದ ಲಸಿಕೆಯ ಬಗೆಗಿನ ಭಿನ್ನಾಭಿಪ್ರಾಯ ಇಲ್ಲಿ ಸಾಮಾಜಿಕ ಜಾಲತಾಣದ ಹೊಸ ಗದ್ದಲವೆಂದು ಭಾವಿಸಬಾರದು. ಅದು ನೂರು ವರ್ಷಕ್ಕೂ ಹಳೆಯದು, ಮತ್ತು ಅದಕ್ಕೆ ಕಾನೂನಿನಲ್ಲೇ ಒಂದು ಬಾಗಿಲಿದೆ. ಆ ಬಾಗಿಲಿನ ಹೆಸರು ವಿನಾಯಿತಿ.

ಐವತ್ತೂ ರಾಜ್ಯಗಳು ಲಸಿಕೆಯನ್ನು ಕೇಳುತ್ತವೆ. ವೈದ್ಯಕೀಯ ಕಾರಣದ ವಿನಾಯಿತಿಯನ್ನೂ ಎಲ್ಲವೂ ಕೊಡುತ್ತವೆ. ಬಹುಪಾಲು ರಾಜ್ಯಗಳು ಧಾರ್ಮಿಕ ಕಾರಣವನ್ನು ಒಪ್ಪುತ್ತವೆ, ಕೆಲವು ವೈಯಕ್ತಿಕ ನಂಬಿಕೆಯನ್ನೂ ಒಪ್ಪುತ್ತವೆ. ಟೆಕ್ಸಸ್‌ನಲ್ಲಿ ಆತ್ಮಸಾಕ್ಷಿಯ ಕಾರಣ ಕೊಟ್ಟು ಪ್ರಮಾಣಪತ್ರ ಸಲ್ಲಿಸಿದರೆ ಸಾಕು. ಕ್ಯಾಲಿಫೋರ್ನಿಯಾದಲ್ಲಿ 2014ರ ಕೊನೆಗೆ ಡಿಸ್ನಿಲ್ಯಾಂಡ್‌ನಿಂದ ದಡಾರ ಹರಡಿದ ಮೇಲೆ 2015ರಲ್ಲಿ ಕಾನೂನು ಬದಲಾಗಿ, ವೈಯಕ್ತಿಕ ನಂಬಿಕೆಯ ವಿನಾಯಿತಿ ಹೋಯಿತು. ನ್ಯೂಯಾರ್ಕ್‌ನಲ್ಲಿ ಬ್ರೂಕ್ಲಿನ್‌ನಲ್ಲಿ ಮತ್ತು ರಾಕ್‌ಲ್ಯಾಂಡ್ ಕೌಂಟಿಯಲ್ಲಿ ರೋಗ ಕಾಣಿಸಿಕೊಂಡ ನಂತರ 2019ರ ಜೂನ್‌ನಲ್ಲಿ ಧಾರ್ಮಿಕ ವಿನಾಯಿತಿಯನ್ನು ರದ್ದು ಮಾಡಿದರು. ಅಲ್ಲಿ ಖಾಸಗಿ ಶಾಲೆಗೂ ಇದೇ ನಿಯಮ. ವಾಷಿಂಗ್ಟನ್ ರಾಜ್ಯ ಅದೇ ವರ್ಷ ಎಂಎಂಆರ್ ಒಂದಕ್ಕೆ ಮಾತ್ರ ವೈಯಕ್ತಿಕ ಕಾರಣವನ್ನು ತೆಗೆದುಹಾಕಿತು. ಗಾಳಿ ಈಗ ಎದುರು ದಿಕ್ಕಿನಲ್ಲೂ ಬೀಸುತ್ತಿದೆ: 2025ರ ಸೆಪ್ಟೆಂಬರ್‌ನಲ್ಲಿ ಫ್ಲಾರಿಡಾದ ಆರೋಗ್ಯ ಮುಖ್ಯಸ್ಥ (ಸರ್ಜನ್ ಜನರಲ್) ಜೋಸೆಫ್ ಲಡಾಪೊ ರಾಜ್ಯದ ಎಲ್ಲ ಲಸಿಕಾ ಕಡ್ಡಾಯಗಳನ್ನೂ ಕೊನೆಗಾಣಿಸುವ ಉದ್ದೇಶವನ್ನು ಪ್ರಕಟಿಸಿದರು. ಕೆಲಸ ಬದಲಾಗಿ ರಾಜ್ಯ ಬದಲಾಯಿಸುವವರು ಹಳೆಯ ರಾಜ್ಯದ ನಿಯಮವನ್ನೇ ನೆಚ್ಚಿಕೊಳ್ಳದೆ, ಹೊಸ ರಾಜ್ಯದ ಆರೋಗ್ಯ ಇಲಾಖೆಯ ಪಟ್ಟಿಯನ್ನು ಮತ್ತೆ ನೋಡಬೇಕು.

ವಿರೋಧಿಸುವವರ ವಾದಗಳು ಒಂದೇ ಬಗೆಯವಲ್ಲ. ಮಗುವಿನ ದೇಹದ ಬಗ್ಗೆ ತೀರ್ಮಾನ ತೆಗೆದುಕೊಳ್ಳಬೇಕಾದವರು ತಂದೆತಾಯಿಯೇ ಹೊರತು ಸರ್ಕಾರವಲ್ಲ ಎನ್ನುವವರಿದ್ದಾರೆ. ಇದು ರಾಜಕೀಯ ವಾದ, ಒಪ್ಪಲಿ ಬಿಡಲಿ, ಅದಕ್ಕೊಂದು ನೆಲೆಯಿದೆ. ಎಂಎಂಆರ್‌ನಿಂದ ಆಟಿಸಂ ಬರುತ್ತದೆ ಎನ್ನುವುದು ಬೇರೆಯೇ ಮಾತು, ಅದಕ್ಕೆ ಆ ನೆಲೆ ಇಲ್ಲ. ಬ್ರಿಟನ್ನಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಕೇವಲ 12 ಮಕ್ಕಳನ್ನು ಆಧರಿಸಿ ಪ್ರಕಟಿಸಿದ ಲೇಖನದಿಂದ ಹುಟ್ಟಿದ ಆ ಸಂದೇಹಕ್ಕೆ, ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡ ಮೇಲೂ, ಅದೇ ವರ್ಷ ಆತನ ಹೆಸರನ್ನು ವೈದ್ಯರ ನೋಂದಣಿಯಿಂದ ತೆಗೆದ ಮೇಲೂ ಸಾವು ಬರಲಿಲ್ಲ. ಡೆನ್ಮಾರ್ಕ್‌ನ 6,57,461 ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಲಸಿಕೆ ಹಾಕಿಸಿಕೊಂಡವರಿಗೆ ಆಟಿಸಂ ಸಾಧ್ಯತೆ ಹೆಚ್ಚೇನೂ ಇರಲಿಲ್ಲ. ನಮ್ಮವರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇವೆರಡು ವಾದಗಳು ಒಂದೇ ಸಂದೇಶದಲ್ಲಿ ಕಲಸಿಕೊಂಡು ಬರುತ್ತವೆ, ಬಿಡಿಸಿ ಓದಬೇಕು.

ಈಗಿನ ಗೊಂದಲಕ್ಕೆ ಇನ್ನೊಂದು ಕಾರಣ ಭಿನ್ನಾಭಿಪ್ರಾಯ ಸರ್ಕಾರದ ಒಳಗೇ ಬಂದಿರುವುದು. ಆರೋಗ್ಯ ಸಚಿವ ರಾಬರ್ಟ್ ಎಫ್. ಕೆನಡಿ ಜೂನಿಯರ್ 2025ರ ಜೂನ್‌ನಲ್ಲಿ ಸಿಡಿಸಿಯ ಲಸಿಕಾ ಸಲಹಾ ಸಮಿತಿಯ 17 ಸದಸ್ಯರನ್ನೂ ತೆಗೆದು ಹೊಸಬರನ್ನು ನೇಮಿಸಿದರು. ಅದಾದ ಮೇಲೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ತನ್ನದೇ ಪಟ್ಟಿಯನ್ನು ಮುಂದಿಟ್ಟಿತು; ಕ್ಯಾಲಿಫೋರ್ನಿಯಾ, ಆರೆಗಾನ್, ವಾಷಿಂಗ್ಟನ್ ಮತ್ತು ಹವಾಯಿ ರಾಜ್ಯಗಳು ಸೇರಿ ತಮ್ಮದೇ ಶಿಫಾರಸು ಕೊಡಲು ಒಕ್ಕೂಟ ಕಟ್ಟಿಕೊಂಡವು. ಇಷ್ಟೆಲ್ಲದರ ನಡುವೆಯೂ ಎರಡು ಡೋಸ್ ಎಂಎಂಆರ್ ಬೇಕು ಎಂಬ ಮಾತು ಬದಲಾಗಿಲ್ಲ. ಯಾವ ಪಟ್ಟಿಯನ್ನು ನಂಬುವುದು ಎಂದು ಕೇಳುವವರಿಗೆ ನನ್ನ ಉತ್ತರ: ಶಾಲೆಗೆ ಬೇಕಾದದ್ದು ರಾಜ್ಯದ ಪಟ್ಟಿ, ಮಗುವಿಗೆ ಬೇಕಾದದ್ದನ್ನು ಹೇಳಬೇಕಾದವರು ಮಗುವಿನ ವೈದ್ಯರು.

ದಡಾರ ಅಮೆರಿಕದಿಂದ ನಿರ್ಮೂಲವಾಗಿದೆ ಎಂದು ಘೋಷಿಸಿದ್ದು 2000ದಲ್ಲಿ. 2025ರಲ್ಲಿ ದೇಶದಲ್ಲಿ 2,000ಕ್ಕೂ ಹೆಚ್ಚು ಪ್ರಕರಣಗಳಾದವು, ಮೂವರು ತೀರಿಕೊಂಡರು. ಅವರಲ್ಲಿ ಇಬ್ಬರು ಟೆಕ್ಸಸ್‌ನ ಶಾಲಾ ವಯಸ್ಸಿನ ಮಕ್ಕಳು, ಮೂವರೂ ಲಸಿಕೆ ಪಡೆದಿರಲಿಲ್ಲ. ಪಶ್ಚಿಮ ಟೆಕ್ಸಸ್‌ನ ಗೇನ್ಸ್ ಕೌಂಟಿಯಲ್ಲಿ ಜನವರಿಯಲ್ಲಿ ಶುರುವಾಗಿ ಆಗಸ್ಟ್‌ನಲ್ಲಿ ಮುಗಿದ ಒಂದೇ ಹರಡುವಿಕೆಯಲ್ಲಿ 762 ಪ್ರಕರಣಗಳಿದ್ದವು. ರೋಗ ನಿಲ್ಲಬೇಕಾದರೆ ಸುಮಾರು ಶೇ 95 ಜನರಿಗೆ ರಕ್ಷಣೆ ಇರಬೇಕು. 2024–25ರಲ್ಲಿ ದೇಶದ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಶೇ 92.5 ಮಂದಿಗೆ ಎರಡು ಡೋಸ್ ಆಗಿತ್ತು. ಗೇನ್ಸ್ ಕೌಂಟಿಯಲ್ಲಿ ಸುಮಾರು ಶೇ 82. ಸರಾಸರಿ ಸಂಖ್ಯೆ ನೋಡಿ ನೆಮ್ಮದಿಯಾಗಿರುವುದು ಇದಕ್ಕೇ ತಪ್ಪು. ಲಸಿಕೆ ಬೇಡವೆನ್ನುವವರು ಒಂದೇ ಊರಿನಲ್ಲಿ, ಒಂದೇ ಶಾಲೆಯಲ್ಲಿ ಸೇರಿಕೊಂಡಿರುತ್ತಾರೆ. ಹಲವು ರಾಜ್ಯಗಳು ಶಾಲೆವಾರು ಅಥವಾ ಜಿಲ್ಲಾವಾರು ಲಸಿಕೆಯ ಪ್ರಮಾಣವನ್ನು ಪ್ರಕಟಿಸುತ್ತವೆ. ಮನೆ ಕೊಳ್ಳುವ ಮೊದಲು ಶಾಲೆಯ ರೇಟಿಂಗನ್ನು ದಶಮಾಂಶದವರೆಗೆ ಅಳೆದು ನೋಡುವ ನಾವು ಈ ಅಂಕಿಯನ್ನೂ ಒಮ್ಮೆ ನೋಡಬಹುದು.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಕಾರ್ಡು ಕಳೆದುಹೋಗಿದೆ ಅಥವಾ ಒಂದು ಡೋಸ್ ಕಡಿಮೆ ಬಿದ್ದಿದೆ, ಶಾಲೆ ಸೋಮವಾರ ಆರಂಭ. ಆಗ ಯಾರೋ ಪರಿಚಯದವರು, ವಿನಾಯಿತಿಯ ಕಾಗದಕ್ಕೆ ಸಹಿ ಹಾಕಿ ಕೊಟ್ಟುಬಿಡಿ, ಯಾರೂ ಕೇಳುವುದಿಲ್ಲ ಎನ್ನುತ್ತಾರೆ. ಲಸಿಕೆಯ ಬಗ್ಗೆ ಯಾವ ತಕರಾರೂ ಇಲ್ಲದ ಪೋಷಕರು ಕೇವಲ ಅವಸರಕ್ಕೆ ಹೀಗೆ ಮಾಡಿದ್ದನ್ನು ಕಂಡಿದ್ದೇನೆ. ದಯವಿಟ್ಟು ಮಾಡಬೇಡಿ. ಆ ಸಹಿ ನೀವು ನಂಬದ ಮಾತಿಗೆ ಹಾಕಿದ ಸಹಿ ಎಂಬುದು ಒಂದು. ಶಾಲೆಯಲ್ಲಿ ಒಂದು ಪ್ರಕರಣ ಕಂಡರೂ ವಿನಾಯಿತಿ ಪಡೆದ ಮಗುವನ್ನು 21 ದಿನ ಮನೆಯಲ್ಲೇ ಇರಿಸುವಂತೆ ಆರೋಗ್ಯ ಇಲಾಖೆ ಹೇಳಬಹುದು ಎಂಬುದು ಇನ್ನೊಂದು. ಹೊಸ ಪ್ರಕರಣ ಕಂಡರೆ ಆ ಎಣಿಕೆ ಮತ್ತೆ ಮೊದಲಿನಿಂದ. ಬೇರೆ ದಾರಿಗಳಿವೆ. ಕೆಲವು ರಾಜ್ಯಗಳು ತಾತ್ಕಾಲಿಕ ಪ್ರವೇಶ ಕೊಡುತ್ತವೆ. ನ್ಯೂಯಾರ್ಕ್‌ನಲ್ಲಿ ಹೊರದೇಶದಿಂದ ಬಂದ ಮಗುವಿನ ಪೋಷಕರು ದಾಖಲೆಗಾಗಿ ಪ್ರಾಮಾಣಿಕವಾಗಿ ಪ್ರಯತ್ನಿಸುತ್ತಿದ್ದಾರೆಂದು ಕಂಡರೆ 30 ದಿನಗಳವರೆಗೆ ಅವಕಾಶವಿದೆ. ದಾಖಲೆ ಸಿಗುವುದೇ ಇಲ್ಲವೆಂದಾದರೆ ಲಸಿಕೆಯನ್ನು ಮತ್ತೆ ಹಾಕಿಸಬಹುದು. ಈಗಾಗಲೇ ರಕ್ಷಣೆ ಇರುವವರಿಗೆ ಎಂಎಂಆರ್‌ನ ಇನ್ನೊಂದು ಡೋಸ್‌ನಿಂದ ತೊಂದರೆಯಿಲ್ಲ, ಮತ್ತು ಎರಡು ಡೋಸ್‌ಗಳ ನಡುವೆ 28 ದಿನ ಸಾಕು. ರಕ್ತಪರೀಕ್ಷೆಯಿಂದ ಪ್ರತಿಕಾಯ ತೋರಿಸುವುದೂ ಹಲವೆಡೆ ನಡೆಯುತ್ತದೆ. ‘ಚಿಕ್ಕಂದಿನಲ್ಲಿ ಅಮ್ಮ ಆಗಿತ್ತು’ ಎಂಬ ಮಾತು ಮಾತ್ರ ಎಲ್ಲೂ ನಡೆಯುವುದಿಲ್ಲ. ಆ ಮಾತಿನಲ್ಲಿ ದಡಾರವೋ ಸೀತಾಳೆ ಸಿಡುಬೋ ಎಂದು ನಮಗೇ ಗೊತ್ತಿರುವುದಿಲ್ಲ.

ಹಣದ ಚಿಂತೆ ಹೆಚ್ಚಾಗಿ ಬೇಕಿಲ್ಲ. ಹೆಚ್ಚಿನ ಆರೋಗ್ಯ ವಿಮೆಗಳು ಮಕ್ಕಳ ಲಸಿಕೆಗೆ ಏನನ್ನೂ ಕೇಳುವುದಿಲ್ಲ. ವಿಮೆ ಇಲ್ಲದ 19 ವರ್ಷದೊಳಗಿನವರಿಗೆ ವ್ಯಾಕ್ಸಿನ್ಸ್ ಫಾರ್ ಚಿಲ್ಡ್ರನ್ ಎಂಬ ಕೇಂದ್ರ ಯೋಜನೆಯಿದೆ, ಅದಕ್ಕೆ ವೀಸಾದ ಬಗೆ ಅಡ್ಡಿಯಲ್ಲ. 1989ರಿಂದ 1991ರವರೆಗೆ ದಡಾರ ಮರುಕಳಿಸಿ ಸುಮಾರು 55,000 ಜನರಿಗೆ ತಗುಲಿದಾಗ, ಬಡ ಮಕ್ಕಳಿಗೆ ಲಸಿಕೆ ಎಟುಕುತ್ತಿಲ್ಲ ಎಂದು ಕಂಡು 1994ರಲ್ಲಿ ಶುರುಮಾಡಿದ ಯೋಜನೆ ಅದು. ದೊಡ್ಡವರಿಗೂ ಇದರ ಬಿಸಿ ತಟ್ಟುತ್ತದೆ: ಗ್ರೀನ್ ಕಾರ್ಡ್‌ನ ಐ-693 ವೈದ್ಯಕೀಯ ತಪಾಸಣೆಯಲ್ಲಿ 1957 ಅಥವಾ ಆಮೇಲೆ ಹುಟ್ಟಿದವರು ಎಂಎಂಆರ್ ದಾಖಲೆ ಅಥವಾ ಪ್ರತಿಕಾಯದ ವರದಿ ತೋರಿಸಬೇಕು. ಗರ್ಭಿಣಿಯರಿಗೆ ಈ ಲಸಿಕೆ ಕೊಡುವುದಿಲ್ಲ. ಕ್ಷಯದ ಪರೀಕ್ಷೆಯೂ ಬೇಕಿದ್ದರೆ ಎಂಎಂಆರ್ ಹಾಕಿಸುವ ದಿನವೇ ಮಾಡಿಸಿ. ಇಲ್ಲವಾದರೆ ನಾಲ್ಕು ವಾರ ಕಾಯಬೇಕಾಗುತ್ತದೆ, ಏಕೆಂದರೆ ಲಸಿಕೆ ಆ ಪರೀಕ್ಷೆಯ ಫಲಿತಾಂಶವನ್ನು ಮರೆಮಾಡಬಹುದು.

ಕೂಸನ್ನು ಕರೆದುಕೊಂಡು ಊರಿಗೆ ಹೋಗುವವರು ಗಮನಿಸಬೇಕಾದದ್ದು: 6ರಿಂದ 11 ತಿಂಗಳ ಮಗುವಿಗೆ ವಿದೇಶ ಪ್ರಯಾಣಕ್ಕೆ ಎರಡು ವಾರ ಮೊದಲು ಒಂದು ಎಂಎಂಆರ್ ಹಾಕಿಸಲು ಇಲ್ಲಿನ ವೈದ್ಯರು ಹೇಳುತ್ತಾರೆ. ಅದು ಆ ಪ್ರಯಾಣದ ರಕ್ಷಣೆಗೆ ಮಾತ್ರ. ವರ್ಷ ತುಂಬಿದ ಮೇಲಿನ ಎರಡು ಡೋಸ್‌ಗಳಲ್ಲಿ ಅದನ್ನು ಸೇರಿಸುವುದಿಲ್ಲ. ವರ್ಷ ದಾಟಿದ ಮಗುವಾದರೆ ಹೊರಡುವ ಮೊದಲೇ 28 ದಿನಗಳ ಅಂತರದಲ್ಲಿ ಎರಡನ್ನೂ ಮುಗಿಸಬಹುದು, ಆ ಎರಡೂ ಶಾಲೆಯ ಲೆಕ್ಕಕ್ಕೆ ಬರುತ್ತವೆ.

ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ನೆಗಡಿ, ಕೆಂಗಣ್ಣು ಕಾಣಿಸಿ, ಆಮೇಲೆ ಮುಖದಿಂದ ಕೆಳಗಿಳಿಯುವ ಕೆಂಪು ದದ್ದುಗಳು ಎದ್ದರೆ ನೇರವಾಗಿ ಕ್ಲಿನಿಕ್ಕಿಗೆ ಹೋಗಬೇಡಿ. ಮೊದಲು ಫೋನ್ ಮಾಡಿ. ಅವರು ಹಿಂಬಾಗಿಲಿನಿಂದ ಬರಹೇಳಬಹುದು, ಕಾರಿನಲ್ಲೇ ನೋಡಬಹುದು. ಅದು ಅಸಡ್ಡೆಯಲ್ಲ. ರೋಗಿ ಎದ್ದುಹೋದ ಮೇಲೂ ವೈರಸ್ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ಉಳಿಯುತ್ತದೆ, ಮತ್ತು ರಕ್ಷಣೆಯಿಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನಕ್ಕೆ ತಗಲುತ್ತದೆ. ವಿಟಮಿನ್ ಎ ಹನಿಗಳನ್ನು ನೀವೇ ಹಾಕುವುದೂ ಬೇಡ. ಟೆಕ್ಸಸ್‌ನ ಹರಡುವಿಕೆಯ ಸಮಯದಲ್ಲಿ ಅದರ ಅತಿಸೇವನೆಯಿಂದ ಯಕೃತ್ತಿಗೆ ತೊಂದರೆಯಾದ ಮಕ್ಕಳನ್ನು ಅಲ್ಲಿನ ವೈದ್ಯರು ಕಂಡರು.

ಕೌಂಟಿ ಆರೋಗ್ಯ ಇಲಾಖೆಯ ಪ್ರಕಟಣೆಯಲ್ಲಿ ಇಂಥ ಅಂಗಡಿ, ಸೋಮವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನ 1 ಎಂದಿದ್ದರೆ ರೋಗಿ 11ಕ್ಕೇ ಹೊರಟಿರಬಹುದು, ಉಳಿದೆರಡು ಗಂಟೆ ಗಾಳಿಯ ಲೆಕ್ಕ. ನೀವು 12ಕ್ಕೆ ಹೋಗಿದ್ದರೂ ಆ ಪಟ್ಟಿಯಲ್ಲಿದ್ದೀರಿ. ಎರಡು ಡೋಸ್ ಆಗಿದ್ದರೆ 21 ದಿನ ಜ್ವರದ ಮೇಲೆ ಕಣ್ಣಿಟ್ಟರೆ ಸಾಕು. ಆಗಿಲ್ಲದವರಿಗೆ 72 ಗಂಟೆಯೊಳಗೆ ಲಸಿಕೆ ಕೊಡಬಹುದು. ಪ್ರಕಟಣೆ ಬರುವಷ್ಟರಲ್ಲಿ ಆ ಸಮಯ ಮುಗಿದುಹೋಗಿರುವುದೂ ಉಂಟು, ಆಗ ಕೂಸುಗಳಿಗೆ ಮತ್ತು ರಕ್ಷಣೆಯಿಲ್ಲದ ಗರ್ಭಿಣಿಯರಿಗೆ ಆರು ದಿನದೊಳಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚಿಕಿತ್ಸೆ ಉಳಿಯುತ್ತದೆ. ಫೋನಿನಲ್ಲಿ ನರ್ಸ್ ಮೊದಲು ಕೇಳುವುದೇ ನೀವು ಅಲ್ಲಿ ಎಷ್ಟು ಗಂಟೆಗೆ ಇದ್ದಿರಿ ಎಂದು. ಅಂಗಡಿಯ ರಸೀದಿಯಲ್ಲಿ ಸಮಯ ಅಚ್ಚಾಗಿರುತ್ತದೆ, ಅದನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.