ಅಟ್ಟದ ಮೇಲಿನ ಹಳೇ ಟಿವಿ ಗೇಮ್ ಮತ್ತೆ ಓಡಿಸುವುದು ಹೇಗೆ

ತುಮಕೂರು ಕಡೆ ತೊಂಬತ್ತರ ದಶಕದಲ್ಲಿ ಬೆಳೆದವರ ಮನೆಯ ಅಟ್ಟ ತಡಕಿದರೆ ಒಂದು ಟಿವಿ ಗೇಮ್ ಸಿಕ್ಕರೂ ಸಿಗಬಹುದು. ಜೊತೆಗೆ ಲಕ್ಷಗಟ್ಟಲೆ ಗೇಮ್ ಇದೆ ಅಂತ ಬರೆದಿರುವ ಹಳದಿ ಕ್ಯಾಸೆಟ್. ಒಳಗಿರೋದು ಬೆರಳೆಣಿಕೆಯಷ್ಟೇ, ಅವೇ ಅವೇ ಬೇರೆ ಹೆಸರಲ್ಲಿ ಮತ್ತೆ ಬರುತ್ತವೆ, ಅದು ನಮಗೆಲ್ಲಾ ಗೊತ್ತಿದ್ದ ಗುಟ್ಟು. ಕೆಟ್ಟಿದೆ ಅಂತ ಗುಜರಿಗೆ ಹಾಕೋ ಮುಂಚೆ ಸ್ವಲ್ಪ ತಾಳಿ. ಕ್ಯಾಸೆಟ್ ಕೊಳೆ, ತಪ್ಪು ಅಡಾಪ್ಟರ್, ಟಿವಿ ಕನೆಕ್ಷನ್: ಮೊದಲು ಈ ಮೂರನ್ನು ನೋಡಬೇಕು.

ಆ ಪೆಟ್ಟಿಗೆ ಏನು ಅಂತ ಗೊತ್ತಿದ್ದರೆ ಕೆಲಸ ಸುಲಭ. ಬಹುಪಾಲು ಅದು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಂ ಅನ್ನೋ ಗೇಮ್ ಮೆಷಿನ್ನಿನ ನಕಲು. ಕ್ಯಾಸೆಟ್‌ನ ಹಲ್ಲು, ಅಂದರೆ ತಳದಂಚಿನಲ್ಲಿ ಸಾಲಾಗಿರುವ ಲೋಹದ ಪಟ್ಟಿಗಳನ್ನು ಎಣಿಸಿ ನೋಡಿ, ಎರಡೂ ಬದಿ ಸೇರಿ 60 ಇದ್ದರೆ ಅದೇ ಜಾತಿ. ಹಾಗಾಗಿ ಯೂಟ್ಯೂಬ್‌ನಲ್ಲಿ ನಿಮ್ಮ ಡಬ್ಬದ ಹೆಸರು ಹುಡುಕಬೇಡಿ, ಫ್ಯಾಮಿಕಾಂ ರಿಪೇರಿ ಅಂತ ಹುಡುಕಿ.

ಮೊದಲನೇ ಮಾತು, ಸಿಕ್ಕ ತಕ್ಷಣ ಪ್ಲಗ್ ಚುಚ್ಚಬೇಡಿ. ಅಡಾಪ್ಟರ್ ಮೂತಿಯ ನಡುಭಾಗ ಪ್ಲಸ್ಸೋ ಮೈನಸ್ಸೋ ಅನ್ನೋದು ಒಂದೊಂದು ಡಬ್ಬಕ್ಕೆ ಒಂದೊಂದು ಥರ ಇರುತ್ತೆ. ಅಸಲಿ ಫ್ಯಾಮಿಕಾಂಗೆ ನಡುವೆ ಮೈನಸ್, 10 ವೋಲ್ಟ್ ಡಿಸಿ. ನಕಲಿಗಳಿಗೆ ಸಾಮಾನ್ಯವಾಗಿ 9 ವೋಲ್ಟ್. ಡಬ್ಬದ ಹಿಂದೆ ಅಥವಾ ತಳದಲ್ಲಿ ಅಚ್ಚು ಹಾಕಿರುವ ಚಿಹ್ನೆ ನೋಡಿ, ಅಡಾಪ್ಟರ್ ಮೇಲಿನದಕ್ಕೆ ಹೋಲಿಸಿ. ವೋಲ್ಟೇಜ್ ತಿರುಗಿಸೋ ಬಟನ್ ಇರುವ ಹಳೇ ಯೂನಿವರ್ಸಲ್ ಅಡಾಪ್ಟರ್ ಆದರೆ ಇನ್ನೂ ಜಾಗ್ರತೆ, ಯಾರೋ ಅದನ್ನು 12ಕ್ಕೆ ತಿರುಗಿಸಿ ಬಿಟ್ಟಿರುತ್ತಾರೆ. ಮಲ್ಟಿಮೀಟರ್ ಇರುವವರ ಹತ್ತಿರ ಒಂದು ಸಲ ಚೆಕ್ ಮಾಡಿಸಿಬಿಡಿ.

ಈಗ ಕ್ಯಾಸೆಟ್. ಇದರಲ್ಲಿ ರೀಲು ಗೀಲು ಏನೂ ಇಲ್ಲ, ಗೇಮ್ ಪೂರ್ತಿ ಒಳಗಿನ ಚಿಪ್‌ನಲ್ಲಿರುತ್ತೆ. ಮೊದಲು ಹೀಗಿರಲಿಲ್ಲ. 1972ರ ಮ್ಯಾಗ್ನವಾಕ್ಸ್ ಒಡಿಸ್ಸಿ, ಅಂದರೆ ಮನೆ ಟಿವಿಗೆ ಸಿಕ್ಕಿಸುವ ಮೊದಲ ಗೇಮ್ ಮೆಷಿನ್, ಅದರ ಜೊತೆ ಬರುತ್ತಿದ್ದ ಕಾರ್ಡಿನಲ್ಲಿ ಗೇಮೇ ಇರಲಿಲ್ಲ, ಮೆಷಿನ್ ಒಳಗಿನ ಸರ್ಕ್ಯೂಟನ್ನು ಬೇರೆ ಬೇರೆ ಥರ ಜೋಡಿಸುವ ತಂತಿಗಳಷ್ಟೇ ಇದ್ದವು. ಬಣ್ಣಕ್ಕೆ ಟಿವಿ ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಬೇಕಿತ್ತು! ಚಿಪ್ ಇರುವ ಕ್ಯಾಸೆಟ್ ಬಂದದ್ದು 1976ರಲ್ಲಿ, ಫೇರ್‌ಚೈಲ್ಡ್ ಕಂಪನಿಯ ಚಾನೆಲ್ ಎಫ್ ಜೊತೆ. ಆ ತಂಡದ ಮುಂದಾಳು ಜೆರ‍್ರಿ ಲಾಸನ್. ನಮ್ಮ ಹಳದಿ ಕ್ಯಾಸೆಟ್ ಅದೇ ದಾರಿಯದು.

ಚಿಪ್ ಅಷ್ಟು ಸುಲಭಕ್ಕೆ ಸಾಯಲ್ಲ. ಮುರಿಯುವುದು ಹಲ್ಲಿಗೂ ಸ್ಲಾಟಿಗೂ ಇರುವ ಸಂಪರ್ಕ. ತಿಪಟೂರು ಕಡೆ ಕೊಬ್ಬರಿ ಅಟ್ಟದಲ್ಲಿ ಇಟ್ಟಿದ್ದರಂತೂ ಧೂಳಿನ ಜೊತೆ ಜಿಡ್ಡೂ ಕೂತಿರುತ್ತೆ. ನಾವೆಲ್ಲಾ ಮಾಡುತ್ತಿದ್ದ ಹಾಗೆ ಉಫ್ ಅಂತ ಊದಬೇಡಿ. ಉಸಿರಿನ ತೇವ ತಾಮ್ರಕ್ಕೆ ಒಳ್ಳೆಯದಲ್ಲ; ಆಗ ಗೇಮ್ ಓಡುತ್ತಿದ್ದದ್ದು ಊದಿದ್ದಕ್ಕಲ್ಲ, ಕಿತ್ತು ಮತ್ತೆ ಸಿಕ್ಕಿಸಿದ್ದಕ್ಕೆ. ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐಪಿಎ ಕೇಳಿ, ಬೋರ್ಡ್ ತೊಳೆಯೋಕೆ ಅವರು ಬಳಸುವ ಆಲ್ಕೋಹಾಲ್ ಅದು. ಇಯರ್‌ಬಡ್ ಅದ್ದಿ ಹಲ್ಲುಗಳನ್ನು ಉದ್ದಕ್ಕೆ ಉಜ್ಜಿ. ಹತ್ತಿ ಕಪ್ಪಾಗುತ್ತೆ. ಹತ್ತಿ ಬೆಳ್ಳಗೇ ಉಳಿಯೋ ತನಕ ಬಡ್ ಬದಲಿಸುತ್ತಾ ಹೋಗಿ, ಒಣಗಲು ಬಿಡಿ. ಹಟಮಾರಿ ಕಲೆಗೆ ಪೆನ್ಸಿಲ್ ರಬ್ಬರ್ ಮೆಲ್ಲಗೆ ಆಡಿಸಬಹುದು, ಜೋರಾಗಿ ಉಜ್ಜಿದರೆ ಮೇಲಿನ ತೆಳು ಲೇಪ ಎದ್ದು ಬರುತ್ತೆ. ಸ್ಯಾಂಡ್ ಪೇಪರ್ ಬೇಡವೇ ಬೇಡ. ಸ್ಲಾಟ್ ಒಳಗೆ ತೆಳು ಬಟ್ಟೆ ಸುತ್ತಿದ ರಟ್ಟು ಹಾಕಿ ಹೀಗೇ ಒರೆಸಿ.

ಟಿವಿ ವಿಷಯ. ಹಳದಿ ಮತ್ತು ಬಿಳಿ ಪಿನ್ ಇದ್ದರೆ ಟಿವಿಯ ಎವಿ ಇನ್‌ಪುಟ್‌ಗೆ ಸಿಕ್ಕಿಸಿ, ಮುಗೀತು. ಬರೀ ಆಂಟೆನಾ ವೈರ್ ಇದ್ದರೆ ಗೇಮ್ ಆನ್ ಮಾಡಿಕೊಂಡು ಟಿವಿಯಲ್ಲಿ ಅನಲಾಗ್ ಆಟೋ ಟ್ಯೂನ್ ಕೊಡಿ. ಹೊಸ ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಒಂದು ಪುಟ್ಟ ಕನ್ವರ್ಟರ್ ಬೇಕು. ಕೊಳ್ಳುವಾಗ "ಎವಿಯಿಂದ ಎಚ್‌ಡಿಎಂಐ" ಅಂತ ಬಿಡಿಸಿ ಹೇಳಿ, ಉಲ್ಟಾ ಕೆಲಸ ಮಾಡುವ ಡಬ್ಬವೂ ನೋಡೋಕೆ ಹಾಗೇ ಇರುತ್ತೆ. ಚಿತ್ರ ಕಪ್ಪು ಬಿಳುಪು ಬಂದರೆ ಗಾಬರಿ ಬೇಡ, ಟಿವಿ ಸೆಟ್ಟಿಂಗ್ಸ್‌ನಲ್ಲಿ ಕಲರ್ ಸಿಸ್ಟಂ ಆಟೋ ಅಥವಾ ಪಾಲ್ (PAL) ಮಾಡಿ ನೋಡಿ. ಪರದೆಯ ಅಳತೆ 4:3 ಇಡಿ, ಇಲ್ಲಾಂದ್ರೆ ಮಾರಿಯೋ ಕುಳ್ಳಗೆ ಡುಮ್ಮಗೆ ಕಾಣುತ್ತಾನೆ.

ಓಡಿದರೆ ಮೊದಲು ಮಾರಿಯೋನೇ ಹಾಕಿ, ಅವನ ಹಿಂದಿನ ಮೋಡ ಮತ್ತು ಪೊದೆ ಗಮನಿಸಿ. ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. 1985ರ ಆ ಗೇಮ್ ಇಡೀ 40 ಕಿಲೋಬೈಟ್‌ನಲ್ಲಿ ಇದೆ, ಬೆಳಗ್ಗೆ ವಾಟ್ಸಾಪ್‌ಗೆ ಬರುವ ಗುಡ್ ಮಾರ್ನಿಂಗ್ ಫೋಟೋಗೂ ಅಷ್ಟು ಸಾಲಲ್ಲ. ಆಮೇಲೆ ಕಾಂಟ್ರಾ, ಗುಂಡು ಹಾರಿಸುತ್ತಾ ಓಡುವ ಗೇಮ್. ಟೈಟಲ್ ಬಂದಾಗ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್: 30 ಲೈಫ್.

ಬಾತುಕೋಳಿ ಹೊಡೆಯೋ ಗನ್ ಮಾತ್ರ ಹೊಸ ಟಿವಿಯಲ್ಲಿ ಕೆಲಸ ಮಾಡಲ್ಲ, ಗನ್ ಕೆಟ್ಟಿದೆ ಅಂದುಕೊಳ್ಳಬೇಡಿ. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತೆ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮೂಡುತ್ತೆ. ಗನ್ ಏನನ್ನೂ ಹಾರಿಸುವುದಿಲ್ಲ, ಅದರ ಮೂತಿಯೊಳಗೆ ಬೆಳಕು ನೋಡುವ ಸೆನ್ಸರ್ ಇದೆ. ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ತಗುಲಿತು ಅಂತ ಲೆಕ್ಕ. ಸುಮ್ನೆ ಬಲ್ಬಿಗೆ ಗುರಿ ಇಟ್ಟು ಮೋಸ ಮಾಡೋಕಾಗದು, ಯಾಕೆಂದರೆ ಆ ಕಪ್ಪು ಕ್ಷಣದಲ್ಲೂ ಬಲ್ಬು ಉರಿಯುತ್ತಿರುತ್ತೆ, ಅಲ್ವಾ. ಎಲ್‌ಸಿಡಿ, ಎಲ್‌ಇಡಿ ಟಿವಿಗಳು ಚಿತ್ರ ತೋರಿಸುವುದು ಒಂದು ಚೂರು ತಡವಾಗಿ, ಅಷ್ಟರಲ್ಲಿ ಗನ್ ನೋಡಬೇಕಾದ ಹೊತ್ತು ಮುಗಿದಿರುತ್ತೆ. ಹಾಗಾಗಿ ಇದಕ್ಕೆ ಹಿಂಭಾಗ ಉಬ್ಬಿದ ಹಳೇ ಡುಬ್ಬದ ಟಿವಿಯೇ ಆಗಬೇಕು. ಗುಜರಿಯಲ್ಲಿ ಕೇಳಿದರೆ ಕಡಿಮೆಗೆ ಸಿಗಬಹುದು, ಅಲ್ಲೇ ಹಾಕಿಸಿ, ಚಿತ್ರ ನೋಡಿ ತನ್ನಿ. ಅದರ ಹಿಂದಿನ ಮುಚ್ಚಳ ಮಾತ್ರ ನೀವು ಬಿಚ್ಚಬೇಡಿ: ಪ್ಲಗ್ ಕಿತ್ತ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು, ಆ ಕೆಲಸ ಹಳೇ ಟಿವಿ ಮೆಕ್ಯಾನಿಕ್‌ಗೆ ಬಿಡಿ.