ಹಬ್ಬದ ಬಾಣಲೆಯಿಂದ ಬಟ್ಟೆ ಸೋಪು

ದೀಪಾವಳಿ ಮುಗಿದ ಮರುದಿನ ನಮ್ಮ ಅಡುಗೆಮನೆಯ ಮೂಲೆಯಲ್ಲಿ ಒಂದು ಸ್ಟೀಲ್ ಡಬ್ಬ ಕಾಣಿಸಿಕೊಳ್ಳುತ್ತದೆ. ಚಕ್ಕುಲಿ, ಬಾಳೆಕಾಯಿ ಚಿಪ್ಸ್, ಗೋಳಿಬಜೆ ಎಲ್ಲವೂ ಮುಳುಗಿ ಎದ್ದ ತೆಂಗಿನೆಣ್ಣೆ ಅದರಲ್ಲಿ ಇರುತ್ತದೆ. ಒಂದೆರಡು ಸಲ ಒಗ್ಗರಣೆಗೆ ಹೋಗುತ್ತದೆ, ಆಮೇಲೆ ಯಾರೂ ಮುಟ್ಟುವುದಿಲ್ಲ. ಕೊನೆಗೆ ಅದು ಸೇರುವುದು ತೆಂಗಿನ ಬುಡವನ್ನು ಅಥವಾ ಚರಂಡಿಯನ್ನು. ಹೋಟೆಲುಗಳಿಗಾದರೆ 2018ರ ಜುಲೈಯಿಂದ ನಿಯಮವೇ ಇದೆ: ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳ ಪ್ರಮಾಣ ಶೇ. 25 ದಾಟಿದರೆ ಅದನ್ನು ಅಡುಗೆಗೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವವರು ಯಾರು? ಮೂಗೇ ಅಳತೆ. ಆ ಡಬ್ಬಕ್ಕೆ ನಮ್ಮಲ್ಲಿ ಈಗ ಬೇರೆ ದಾರಿ ಸಿಕ್ಕಿದೆ. ಅದು ಒಗೆಯುವ ಕಲ್ಲಿನ ಮೇಲೆ ಕೂರುವ ಗಟ್ಟಿ ಸೋಪಾಗುತ್ತದೆ.

ಮೊದಲು ಒಂದು ಮಾತು. ಅಂಗಡಿಯಲ್ಲಿ ಸಿಗುವ ನೀಲಿ, ಹಸಿರು ಬಟ್ಟೆ ಬಿಲ್ಲೆಗಳಲ್ಲಿ ಹೆಚ್ಚಿನವು ಸೋಪಲ್ಲ, ಡಿಟರ್ಜೆಂಟ್. ಪೆಟ್ರೋಲಿಯಂ ಮೂಲದ ‘ಆಸಿಡ್ ಸ್ಲರಿ’ ಎಂಬ ಕಂದು ಬಣ್ಣದ ದಪ್ಪ ದ್ರವವನ್ನು ಸೋಡಾ ಬೂದಿಯೊಂದಿಗೆ ಕಲಸಿ, ಡೋಲೋಮೈಟ್ ಪುಡಿಯಂಥದ್ದನ್ನು ತೂಕಕ್ಕೆ ಸೇರಿಸಿ, ಯಂತ್ರದಲ್ಲಿ ಒತ್ತಿ ತೆಗೆದ ಬಿಲ್ಲೆ ಅದು. ಗಡಸು ನೀರಿನಲ್ಲೂ ನೊರೆ ಬರುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಅದನ್ನು ಮನೆಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಸ್ಲರಿ ಚರ್ಮ ಸುಡುವ ಆಮ್ಲ. ಅದರ ಒಂದು ಕ್ಯಾನ್ ಅಡುಗೆಮನೆಯ ಪಕ್ಕ ಇಟ್ಟುಕೊಳ್ಳುವುದು ಮೂರ್ಖತನ. ಇಲ್ಲಿ ಹೇಳಹೊರಟಿರುವುದು ಹಳೆಯ ಸೋಪು: ಎಣ್ಣೆ, ಕ್ಷಾರ (ಅಂದರೆ ಕಾಸ್ಟಿಕ್ ಸೋಡಾ), ನೀರು, ಅಷ್ಟೆ.

ಈ ಹಳೆಯ ಸೋಪು ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಸೋಪಿನ ಶತ್ರು ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಹಿಡಿದು ಬೂದು ಗಸಿಯಾಗಿಸಿ ಬಟ್ಟೆಗೆ ಅಂಟಿಸುತ್ತವೆ. ಮುರಕಲ್ಲಿನ ನೆಲದಲ್ಲಿ ತೋಡಿದ ನಮ್ಮ ಬಾವಿಗಳ ನೀರು ಸಾಮಾನ್ಯವಾಗಿ ಮೆದು. ಇನ್ನು ನೇತ್ರಾವತಿ, ಫಲ್ಗುಣಿ, ಉದ್ಯಾವರ ಹೊಳೆಗಳ ಅಳಿವೆಯ ಹತ್ತಿರದ ಬಾವಿಗಳು ಏಪ್ರಿಲ್-ಮೇ ಬಂದರೆ ಉಪ್ಪಾಗುತ್ತವೆ. ಬೇರೆ ಎಣ್ಣೆಯ ಸೋಪು ಉಪ್ಪು ನೀರಿನಲ್ಲಿ ಮೊಸರಿನಂತೆ ಒಡೆದು ಕೂರುತ್ತದೆ. ತೆಂಗಿನೆಣ್ಣೆಯ ಸೋಪು ಮಾತ್ರ ಉಪ್ಪು ನೀರಿಗೂ ನೊರೆ ಕೊಡುತ್ತದೆ. ಹಡಗಿನವರು ಸಮುದ್ರದ ನೀರಿನಲ್ಲಿ ಒಗೆಯಲು ಇದನ್ನೇ ಒಯ್ಯುತ್ತಿದ್ದರು.

ಆಟಿಯಲ್ಲಿ ಮಾಡಬೇಡಿ

ನನ್ನ ಮೊದಲ ಸೋಪು ಹಾಳಾದದ್ದು ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನಲ್ಲಿ. ಹೊರಗೆ ಮಳೆ ಕಡಿಯದೆ ಸುರಿಯುತ್ತಿತ್ತು, ಬೇರೆ ಕೆಲಸವಿರಲಿಲ್ಲ. ವಾರದ ಹಿಂದೆ ಒಡೆದಿಟ್ಟ ಕಾಸ್ಟಿಕ್ ಸೋಡಾದ ಪೊಟ್ಟಣ ತೆಗೆದರೆ ಚೂರುಗಳೆಲ್ಲ ಒದ್ದೆ ಕಲ್ಲುಸಕ್ಕರೆಯಂತೆ ಒಂದಕ್ಕೊಂದು ಅಂಟಿದ್ದವು. ಲೆಕ್ಕದಂತೆ 90 ಗ್ರಾಂ ತೂಗಿದೆ. ಆ 90ರಲ್ಲಿ ಗಾಳಿಯಿಂದ ಹೀರಿದ ನೀರು ಎಷ್ಟಿತ್ತೋ, ಸೋಡಾ ಎಷ್ಟಿತ್ತೋ! ತಿಂಗಳು ಕಳೆದರೂ ಬಿಲ್ಲೆ ಹಲ್ವದಂತೆ ಮೆತ್ತಗೆ ಉಳಿಯಿತು, ಮೇಲೆ ಕಿತ್ತಳೆ ಬಣ್ಣದ ಚುಕ್ಕೆಗಳೆದ್ದವು, ಹಳಸಿದ ಎಣ್ಣೆಯ ವಾಸನೆ ಬಂತು. ಕ್ಷಾರ ಸಾಲದೆ ಉಳಿದ ಎಣ್ಣೆ ಕಮಟಿತ್ತು. ಸರಿಯಾಗಿ ಮಾಡಿದ ಸೋಪೂ ಮಳೆಗಾಲದಲ್ಲಿ ಬೆವರುತ್ತದೆ. ಸೋಪಿನ ಜೊತೆಗೇ ಹುಟ್ಟುವ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ದೀಪಾವಳಿಯಿಂದ ಮಾರ್ಚ್‌ವರೆಗೆ ನಮ್ಮ ಸೋಪಿನ ಕಾಲ.

ಬೇಕಾದದ್ದು

ತೆಂಗಿನೆಣ್ಣೆ 500 ಗ್ರಾಂ, ಕಾಸ್ಟಿಕ್ ಸೋಡಾ 90 ಗ್ರಾಂ, ನೀರು 190 ಗ್ರಾಂ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ. ಎರಡು ಸ್ಟೀಲ್ ಪಾತ್ರೆ ಅಥವಾ ತಳದಲ್ಲಿ ತ್ರಿಕೋನದೊಳಗೆ 5 ಎಂದು ಬರೆದ ಪ್ಲಾಸ್ಟಿಕ್ ಪಾತ್ರೆ, ಸ್ಟೀಲ್ ಸೌಟು, ರಬ್ಬರ್ ಕೈಗವಸು, ಕಣ್ಣಿಗೆ ಮುಚ್ಚುವ ಕನ್ನಡಕ, ಅಚ್ಚಿಗೆ ಖಾಲಿಯಾದ ಐಸ್‌ಕ್ರೀಮ್ ಡಬ್ಬ.

ಎಲ್ಲವೂ ತೂಕದಲ್ಲಿ, ಎಣ್ಣೆ ಮತ್ತು ನೀರು ಕೂಡ. ಕುಡ್ತೆ, ಲೋಟದ ಲೆಕ್ಕ ಇಲ್ಲಿ ನಡೆಯದು. ಒಂದು ಲೀಟರ್ ತೆಂಗಿನೆಣ್ಣೆ ತೂಗುವುದು ಸುಮಾರು 920 ಗ್ರಾಂ ಮಾತ್ರ. ಲೀಟರನ್ನು ಕಿಲೋ ಎಂದು ತಿಳಿದು ಸೋಡಾ ಹಾಕಿದರೆ ಬಟ್ಟೆಗಿಂತ ಮೊದಲು ಕೈ ಸುಡುತ್ತದೆ.

ಪ್ರತಿ ಎಣ್ಣೆಯೂ ತನ್ನದೇ ಪ್ರಮಾಣದ ಸೋಡಾ ಬೇಡುತ್ತದೆ. 100 ಗ್ರಾಂ ತೆಂಗಿನೆಣ್ಣೆ ಪೂರ್ತಿ ಸೋಪಾಗಲು 18.3 ಗ್ರಾಂ ಬೇಕು. ತಾಳೆ ಎಣ್ಣೆಗೆ 14.2, ಶೇಂಗಾ ಎಣ್ಣೆಗೆ 13.6, ಸೂರ್ಯಕಾಂತಿಗೆ 13.5 ಸಾಕು. ತೆಂಗಿನೆಣ್ಣೆಯ ಅಳತೆಯನ್ನು ಸೂರ್ಯಕಾಂತಿ ಎಣ್ಣೆಗೆ ಹಾಕಿದರೆ, ಬೇಕಾದದ್ದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಕ್ಷಾರ ಮಿಕ್ಕುತ್ತದೆ. ಮೊಬೈಲಿನಲ್ಲಿ ಓಡಾಡುವ ‘ಯಾವ ಎಣ್ಣೆಯಾದರೂ ಆಗುತ್ತದೆ’ ಎನ್ನುವ ವಿಡಿಯೋಗಳ ಮೇಲೆ ನನಗಿರುವ ಸಿಟ್ಟು ಇದಕ್ಕೇ. ನಿಮ್ಮ ಡಬ್ಬದಲ್ಲಿ ಎರಡು ಎಣ್ಣೆ ಬೆರೆತಿದ್ದರೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸಿ. ಅರ್ಧ ತೆಂಗು, ಅರ್ಧ ಸೂರ್ಯಕಾಂತಿ ಇರುವ 500 ಗ್ರಾಂಗೆ 79.5 ಗ್ರಾಂ ಬರುತ್ತದೆ, ಅದರಲ್ಲಿ ಶೇ. 2 ಕಳೆದು 78 ಹಾಕಿ. ಮೇಲಿನ 90 ಕೂಡ ಹಾಗೆ ಕಳೆದು ಬಂದ ಸಂಖ್ಯೆಯೇ. ಹಾಗೆ ಕಳೆದ ಶೇ. 2, ತೂಕದ ಸಣ್ಣಪುಟ್ಟ ತಪ್ಪನ್ನು ನುಂಗಿಕೊಳ್ಳುತ್ತದೆ. ಏನು ಬೆರೆತಿದೆ ಎಂಬುದೇ ಗೊತ್ತಿಲ್ಲದಿದ್ದರೆ 100 ಗ್ರಾಂಗೆ 13 ಗ್ರಾಂ ಮೀರಬೇಡಿ. ಸೋಪು ಮೆತ್ತಗಾದೀತು, ಕೈ ಉಳಿಯುತ್ತದೆ.

ಅಂಗಡಿಯಲ್ಲಿ ಸುಮ್ಮನೆ ‘ಸೋಡಾ’ ಎಂದು ಕೇಳಬೇಡಿ. ಬೋಂಡಕ್ಕೆ ಹಾಕುವ ಅಡುಗೆ ಸೋಡಾ ಬೇರೆ, ಬಟ್ಟೆಗೆ ಹಾಕುವ ವಾಷಿಂಗ್ ಸೋಡಾ ಬೇರೆ, ನಮಗೆ ಬೇಕಾದ ಕಾಸ್ಟಿಕ್ ಸೋಡಾ ಬೇರೆ. ಮೊದಲೆರಡರಿಂದ ಈ ರೀತಿ ಸೋಪಾಗದು. ಪೈಪ್ ಕಟ್ಟಿದಾಗ ಸುರಿಯುವ ಪುಡಿಯೂ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ. ರಾಸಾಯನಿಕ ಮಾರುವ ಅಂಗಡಿಯಲ್ಲಿ ಮುಚ್ಚಿದ ಪೊಟ್ಟಣದ ಬಿಳಿ ಚೂರು ತನ್ನಿ. ಮನೆಗೆ ತಂದ ಕೂಡಲೇ ಗಾಳಿಯಾಡದ ಡಬ್ಬಕ್ಕೆ ಹಾಕಿ, ಹೆಸರು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಎಣ್ಣೆಗೆ ಸ್ನಾನ

ಕರಿದ ಎಣ್ಣೆಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ. ಮೀನು ಕರಿದದ್ದಾದರೆ ಅದಕ್ಕೊಂದು ಸ್ನಾನ ಬೇಕು: ಎಣ್ಣೆಯಷ್ಟೇ ನೀರು, ಒಂದು ಚಮಚ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಿಸಿ ಮಾಡಿ. ಕೊತಕೊತ ಕುದಿಸಿದರೆ ಸಿಡಿಯುತ್ತದೆ. ಆರಿದ ಮೇಲೆ ಕಂದು ಕಸವೆಲ್ಲ ನೀರಿಗಿಳಿದಿರುತ್ತದೆ, ಮೇಲಿನ ಎಣ್ಣೆಯನ್ನು ಮೆಲ್ಲಗೆ ಬಸಿದುಕೊಳ್ಳಿ. ನೀರಿನಂಶ ಉಳಿದರೆ ಎಣ್ಣೆಯ ತೂಕ ತಪ್ಪುತ್ತದೆ. ಆದ್ದರಿಂದ ಒಂದು ರಾತ್ರಿ ನಿಲ್ಲಿಸಿ ಮತ್ತೊಮ್ಮೆ ಬಸಿಯಿರಿ, ಆಮೇಲೆ ತೂಗಿ. ಬಂಗುಡೆಯ ವಾಸನೆ ಪೂರ್ತಿ ಹೋಗುತ್ತದೆಯೇ? ಹೋಗುವುದಿಲ್ಲ, ಮುಕ್ಕಾಲು ಪಾಲು ಹೋಗುತ್ತದೆ. ಆ ಬಿಲ್ಲೆಯನ್ನು ನಾವು ನೆಲ ಒರೆಸುವ ಬಟ್ಟೆಗೆ ಇಟ್ಟುಕೊಳ್ಳುತ್ತೇವೆ.

ಕ್ಷಾರದ ನೀರು

ಇದನ್ನು ಅಂಗಳದಲ್ಲೋ ಗಾಳಿಯಾಡುವ ಜಗಲಿಯಲ್ಲೋ ಮಾಡಿ. ತುಂಬು ತೋಳಿನ ಅಂಗಿ, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮಕ್ಕಳನ್ನೂ ಬೆಕ್ಕನ್ನೂ ಒಳಗೆ ಕಳುಹಿಸಿ. ಮೊದಲು ಪಾತ್ರೆಗೆ ತಣ್ಣೀರು ಹಾಕಿ, ಆ ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ ಕದಡಿ. ಸೋಡಾದ ಮೇಲೆ ನೀರು ಸುರಿಯಲೇಬಾರದು, ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಒಲೆಯಿಲ್ಲದೆಯೇ ನೀರಿನ ಬಿಸಿ 80 ಡಿಗ್ರಿ ದಾಟುತ್ತದೆ, ಮೂಗಿಗೆ ಹತ್ತುವ ಹಬೆ ಏಳುತ್ತದೆ. ಮುಖ ಹಿಂದಿಟ್ಟುಕೊಂಡೇ ಕಲಕಿ. ಆಮೇಲೆ ಪಾತ್ರೆಯನ್ನು ಬಾವಿ ನೀರು ತುಂಬಿದ ಬೋಗುಣಿಯಲ್ಲಿ ಕೂರಿಸಿ ತಣಿಯಲು ಬಿಡಿ.

ಅಲ್ಯೂಮಿನಿಯಂ ಪಾತ್ರೆ ಬೇಡ. ನಮ್ಮ ಮನೆಯ ಹಳೆಯ ಅನ್ನದ ಪಾತ್ರೆಯಲ್ಲಿ ಒಮ್ಮೆ ಹಾಕಿ ನೋಡಿದವನು ನಾನು. ಸೋಡಾ ಮುಟ್ಟಿದ ಕೂಡಲೇ ಬುಸುಗುಟ್ಟಿ ಬೂದು ನೊರೆ ಉಕ್ಕಿತು, ಪಾತ್ರೆಯ ಒಳಮೈ ಕಪ್ಪಾಗಿ ಹುಳು ತಿಂದಂತಾಯಿತು. ಕ್ಷಾರ ಅಲ್ಯೂಮಿನಿಯಂ ಅನ್ನು ಕರಗಿಸುವಾಗ ಬೆಂಕಿ ಹಿಡಿಯುವ ಜಲಜನಕ ಹೊರಬರುತ್ತದೆ. ಗಾಜಿನ ಪಾತ್ರೆಯೂ ಬಿಸಿಗೆ ಸೀಳಬಹುದು.

ಹನಿ ಚರ್ಮಕ್ಕೆ ಬಿದ್ದರೆ ಹರಿಯುವ ನೀರಿನಡಿ ಹದಿನೈದು ನಿಮಿಷವಾದರೂ ಹಿಡಿಯಿರಿ. ಹುಣಸೆ ನೀರು, ವಿನೆಗರ್ ಹಚ್ಚಲು ಹೋಗಬೇಡಿ. ಕಣ್ಣಿಗೆ ಬಿದ್ದರೆ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ನೀರುದೋಸೆಯಿಂದ ಉದ್ದಿನ ದೋಸೆಗೆ

ಎಣ್ಣೆಯೂ ಕ್ಷಾರದ ನೀರೂ ಸುಮಾರು 40 ಡಿಗ್ರಿಗೆ ಬಂದಾಗ, ಅಂದರೆ ಪಾತ್ರೆಯ ಹೊರಮೈ ಮುಟ್ಟಿದರೆ ಉಗುರು ಬೆಚ್ಚಗಿರುವಾಗ, ಕ್ಷಾರವನ್ನು ಸಣ್ಣ ಧಾರೆಯಾಗಿ ಎಣ್ಣೆಗೆ ಸುರಿಯುತ್ತ ಕಲಕಿ. ತೆಂಗಿನೆಣ್ಣೆ ಗಟ್ಟಿಯಾಗುವುದು 24-25 ಡಿಗ್ರಿಗೆ. ಡಿಸೆಂಬರ್ ಬೆಳಗ್ಗೆ ಅದು ಹೆಪ್ಪುಗಟ್ಟಿದ್ದರೆ ಮೊದಲು ಬಿಸಿ ಮಾಡಿ ಕರಗಿಸಿಕೊಳ್ಳಬೇಕು.

ಮೊದಲಿಗೆ ಮಿಶ್ರಣ ನೀರುದೋಸೆ ಹಿಟ್ಟಿನಂತೆ ತೆಳ್ಳಗೆ, ಕಲಕುವುದು ನಿಲ್ಲಿಸಿದರೆ ಎಣ್ಣೆ ಮೇಲೇಳುತ್ತದೆ. ಬಣ್ಣ ಮಸುಕಾಗುತ್ತ ಬರುತ್ತದೆ. ಮುಂದೆ ಒಂದು ಗಳಿಗೆಯಲ್ಲಿ ಸೌಟಿನಿಂದ ಬಿದ್ದ ಧಾರೆ ಒಳಗೆ ಕರಗದೆ ಮೇಲೆ ಗೆರೆಯಾಗಿ ಒಂದು ಕ್ಷಣ ನಿಲ್ಲುತ್ತದೆ. ಅದು ಉದ್ದಿನ ದೋಸೆಯ ಹದ, ಅಲ್ಲಿಗೆ ನಿಲ್ಲಿಸಿ. ಇಡ್ಲಿ ಹಿಟ್ಟಿನಷ್ಟು ದಪ್ಪವಾಗಲು ಬಿಟ್ಟರೆ ಅಚ್ಚಿಗೆ ಸುರಿಯುವುದಲ್ಲ, ಮೆತ್ತಬೇಕಾಗುತ್ತದೆ. ಕೈಯಲ್ಲಾದರೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಕೈ ಬ್ಲೆಂಡರ್ ಇದ್ದರೆ ಕೆಲವೇ ನಿಮಿಷ. ಹಳೆಯ ಎಣ್ಣೆ ಹೊಸದಕ್ಕಿಂತ ಬೇಗ ದಪ್ಪವಾಗುತ್ತದೆ. ಕೃಷ್ಣನ ಕೈಯಲ್ಲೇ ಕಡೆಗೋಲಿರುವ ಊರು ಉಡುಪಿ, ಕಡೆಗೋಲಿನ ನೆನಪಾಗುವುದು ಸಹಜ. ಬಳಸುವುದಾದರೆ ಅದನ್ನು ಸೋಪಿಗೇ ಮೀಸಲಿಡಿ. ಕ್ಷಾರ ಮರವನ್ನು ನಿಧಾನವಾಗಿ ತಿಂದು ನಾರು ಬಿಡಿಸುತ್ತದೆ, ಮಜ್ಜಿಗೆಗೆ ಅದು ಮತ್ತೆ ಬರಬಾರದು.

ಅಚ್ಚಿಗೆ ಸುರಿದು, ಡಬ್ಬವನ್ನು ನೆಲಕ್ಕೆ ಎರಡು ಸಲ ಕುಟ್ಟಿ ಗುಳ್ಳೆ ಬಿಡಿಸಿ. ಚೆಂದಕ್ಕೆಂದು ಒಮ್ಮೆ ಬಾಳೆಎಲೆ ಹಾಸಿದ್ದೆ. ಎಲೆ ಬೆಂದು ಕಂದಾಗಿ ಸೋಪಿಗೇ ಅಂಟಿಕೊಂಡಿತು. ಹಾಲಿನ ಖಾಲಿ ಪ್ಯಾಕೆಟನ್ನು ಸೀಳಿ ತೊಳೆದು ಹಾಸಿದರೆ ಸಾಕು. ಸೋಪು ಒಳಗೊಳಗೇ ಬಿಸಿಯಾಗುತ್ತದೆ. ಚಳಿ ದೇಶದವರು ಹೇಳುವಂತೆ ಕಂಬಳಿ ಸುತ್ತುವ ಅಗತ್ಯ ನಮ್ಮ ಸೆಕೆಯಲ್ಲಿ ಇಲ್ಲ.

ತೆಂಗಿನೆಣ್ಣೆಯ ಸೋಪು ಕಾಯುವುದಿಲ್ಲ. ಬೆಳಗ್ಗೆ ಸುರಿದದ್ದನ್ನು ಸಂಜೆಯೊಳಗೆ, ಆರರಿಂದ ಎಂಟು ಗಂಟೆಗೆ, ಗಟ್ಟಿ ಬೆಣ್ಣೆಯಂತಿರುವಾಗ ಕತ್ತರಿಸಿ. ನಾಳೆ ನೋಡೋಣ ಎಂದರೆ ಅದು ಕಲ್ಲಾಗಿ, ಚೂರಿ ಇಟ್ಟಲ್ಲೆಲ್ಲ ಹೋಳು ಹೋಳಾಗಿ ಸಿಡಿಯುತ್ತದೆ. ಕೈಗವಸು ಈಗಲೂ ಬೇಕು, ಒಳಗೆ ಕ್ಷಾರ ಇನ್ನೂ ಮುಗಿದಿರುವುದಿಲ್ಲ. ಈ ಅಳತೆಗೆ ಆರೇಳು ಬಿಲ್ಲೆ ಸಿಗುತ್ತವೆ. ಬಿಸಿಲು ನೇರ ಬೀಳದ, ಗಾಳಿಯಾಡುವ ಅಟ್ಟದಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ವಾರಕ್ಕೊಮ್ಮೆ ಮಗುಚಿ. ನಾಲ್ಕು ವಾರಗಳಲ್ಲಿ ನೀರು ಆರಿ, ಬಿಲ್ಲೆ ಹಗುರಾಗಿ ಗಟ್ಟಿಯಾಗುತ್ತದೆ. ಕತ್ತರಿಸಿದ ಮೈಯಲ್ಲಿ ಬಿಳಿ ಹರಳು ಅಥವಾ ನೀರಿನ ಗುಳ್ಳೆ ಕಂಡರೆ ಸೋಡಾ ಕರಗದೆ ಉಳಿದಿದೆ ಎಂದರ್ಥ. ಅಂಥದ್ದನ್ನು ಬಳಸಬೇಡಿ.

ಸೋಪಿಗೆ ಅರಶಿನ ಹಚ್ಚಿ ಕೆಂಪಾದರೆ ಸೋಡಾ ಹೆಚ್ಚಾಗಿದೆ ಎನ್ನುವವರಿದ್ದಾರೆ. ಅದು ಪರೀಕ್ಷೆಯೇ ಅಲ್ಲ. ಒಳ್ಳೆಯ ಸೋಪೂ ಕ್ಷಾರೀಯವೇ, ಅರಶಿನವನ್ನು ಕೆಂಪು ಮಾಡಿಯೇ ಮಾಡುತ್ತದೆ. ಆರತಿಯ ಅರಶಿನ ನೀರು ಸುಣ್ಣ ಬಿದ್ದು ಕೆಂಪು ಕುರ್ದಿಯಾಗುವಾಗ ಆಗುವುದೂ ಇದೇ. ಊಟದಲ್ಲಿ ಬಿಳಿ ಪಂಚೆಗೆ ಬಿದ್ದ ಸಾಂಬಾರಿನ ಕಲೆ ಸೋಪು ತಾಗಿದೊಡನೆ ರಕ್ತದಂತಾಗುವುದನ್ನು ಕಂಡು ಗಾಬರಿಯಾಗಬೇಡಿ. ಜಾಲಾಡಿಸಿದರೆ ಮತ್ತೆ ಹಳದಿಯಾಗುತ್ತದೆ, ಎರಡು ದಿನ ಬಿಸಿಲಿಗೆ ಹಾಕಿದರೆ ಮಾಸುತ್ತದೆ.

ಗೆರಟೆಯಲ್ಲಿ ಪಾತ್ರೆ ಸೋಪು

ಅದೇ ಹಿಟ್ಟು ದೋಸೆ ಹದಕ್ಕೆ ಬಂದಾಗ ಒಂದು ಪಾಲನ್ನು ಬೇರೆ ತೆಗೆದು, ಸಣ್ಣ ಬಟ್ಟೆಯಲ್ಲಿ ಜರಡಿ ಹಿಡಿದ ಭತ್ತದ ಉಮಿಯ ಬೂದಿಯನ್ನು ಒಂದೆರಡು ಹಿಡಿ ಕಲಸಿ, ತೆಂಗಿನ ಗೆರಟೆಗೆ (ಕರಟಕ್ಕೆ) ತುಂಬಿಸಿಡಿ. ಉಮಿಯ ಬೂದಿಯ ಬಹುಪಾಲು ಸಿಲಿಕಾ. ಮಸಿ ಹಿಡಿದ ಕಡಾಯಿಯನ್ನು ಅದು ಉಜ್ಜಿ ತೆಗೆಯುತ್ತದೆ. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ತಿಂಗಳ ನಂತರ ಗೆರಟೆ ಸಮೇತ ಬಚ್ಚಲಿನಲ್ಲಿಟ್ಟು, ಒದ್ದೆ ತೆಂಗಿನ ನಾರನ್ನು ಅದರ ಮೇಲೆ ಒಂದು ಸುತ್ತು ತಿರುಗಿಸಿದರೆ ಆಯಿತು. ನಾನ್‌ಸ್ಟಿಕ್ ಕಾವಲಿಗೆ ಬೇಡ, ಗೀರು ಬೀಳುತ್ತದೆ.

ಪುಡಿ ಬೇಕೆನ್ನುವವರು ಆರಿದ ಬಿಲ್ಲೆಯನ್ನು ತುರಿದು, ಎರಡು ಪಾಲು ತುರಿಗೆ ಒಂದು ಪಾಲು ವಾಷಿಂಗ್ ಸೋಡಾ ಬೆರೆಸಿಕೊಳ್ಳಬಹುದು. ಬೋರ್‌ವೆಲ್ಲಿನ ಗಡಸು ನೀರಿಗೆ ಇದು ವಾಸಿ, ಸೋಡಾ ಮೊದಲೇ ಹೋಗಿ ಕ್ಯಾಲ್ಸಿಯಂ ಅನ್ನು ಹಿಡಿಯುತ್ತದೆ. ಬಿಸಿ ನೀರಿನಲ್ಲಿ ಕರಗಿಸಿ ಬಳಸಿ. ರೇಷ್ಮೆ, ಉಣ್ಣೆಗೆ ಬಿಲ್ಲೆಯೂ ಬೇಡ ಪುಡಿಯೂ ಬೇಡ, ಅವಕ್ಕೆ ಅಂಟುವಾಳವೇ ಸರಿ. ವಾಷಿಂಗ್ ಮಷೀನಿಗೂ ಇದನ್ನು ಹಾಕಬೇಡಿ, ಒಳಗಿನ ಪೈಪುಗಳಲ್ಲಿ ಗಸಿ ಕಟ್ಟುತ್ತದೆ.

ಬಾಳೆಕಾಯಿಯ ಸೊನೆ, ಗೇರುಹಣ್ಣಿನ ರಸ ಇವಕ್ಕೆ ಈ ಸೋಪಿನಲ್ಲಿ ಮದ್ದಿಲ್ಲ. ಬಾವಿ ಕಟ್ಟೆಯ ಕಬ್ಬಿಣದಿಂದ ಶಾಲೆಯ ಬಿಳಿ ಅಂಗಿಗೆ ಹತ್ತಿದ ತುಕ್ಕೂ ಹೋಗುವುದಿಲ್ಲ, ಅದಕ್ಕೆ ಬೇಕಾದದ್ದು ಹುಳಿ. ಹಿತ್ತಲಿನ ಬಿಂಬುಳಿ ಕಾಯಿಯನ್ನು ಸೀಳಿ ಕಲೆಯ ಮೇಲೆ ತಿಕ್ಕಿ, ಹತ್ತು ನಿಮಿಷ ಬಿಡಿ. ಅದರ ಆಕ್ಸಾಲಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ. ಚೆನ್ನಾಗಿ ಜಾಲಾಡಿಸಿ, ಆಮೇಲೆ ಸೋಪು ಹಚ್ಚಿ.